ಬೀಜಗಣಿತ ಬಾರದ ಯಂತ್ರದಲ್ಲಿ ಏಕಪದೋಕ್ತಿಗಳ ಭಾಗಾಕಾರ: ಕ್ಯಾಸಿಯೊ ಎಫ್‌ಎಕ್ಸ್-991ಇಎಕ್ಸ್ ವಿಮರ್ಶೆ

ಮೊದಲೇ ಹೇಳಿಬಿಡಬೇಕಾದ ಮಾತು: ಈ ಕ್ಯಾಲ್ಕುಲೇಟರಿಗೆ ಬೀಜಗಣಿತ ಬರುವುದಿಲ್ಲ. 12ಎ⁵ಬಿ³ ಅನ್ನು 4ಎ²ಬಿ ಯಿಂದ ಭಾಗಿಸು ಎಂದರೆ 3ಎ³ಬಿ² ಎಂದು ಬರೆದು ತೋರಿಸುವ ಶಕ್ತಿ ಇದಕ್ಕಿಲ್ಲ. ಎ, ಬಿ ಎಂಬ ಅಕ್ಷರಗಳಲ್ಲಿ ಆ ಹೊತ್ತಿಗೆ ಯಾವ ಸಂಖ್ಯೆ ಕೂತಿದೆಯೋ ಅದನ್ನು ಹಾಕಿ ಒಂದು ಸಂಖ್ಯೆಯನ್ನು ಮುಂದಿಡುತ್ತದೆ, ಅಷ್ಟೇ. ಹಾಗಿದ್ದೂ ಘಾತಾಂಕಗಳಿರುವ ಏಕಪದೋಕ್ತಿಗಳ (12ಎ⁵ಬಿ³ ನಂತೆ ಒಂದೇ ಪದವಿರುವ ಉಕ್ತಿಗಳ) ಭಾಗಾಕಾರ ಕಲಿಯುವವರಿಗೆ, ಉತ್ತರ ತಿದ್ದುವವರಿಗೆ ಇದು ಬಹಳ ಉಪಯೋಗದ ಯಂತ್ರ. ಅದಕ್ಕೆ ಕಾರಣ ಸಾಮಾನ್ಯವಾಗಿ ಯಾರೂ ಮುಟ್ಟದ ಒಂದು ಕೀಲಿ: ಶಿಫ್ಟ್ ಒತ್ತಿದ ಮೇಲೆ ಸಿಗುವ, ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವ ‘ಫ್ಯಾಕ್ಟ್’.

ಕ್ಲಾಸ್‌ವಿಜ್ ಸರಣಿಯ ಈ ಮಾದರಿ 2015ರಲ್ಲಿ ಬಂದದ್ದು. ಪರದೆ 192×63 ಚುಕ್ಕಿಗಳದ್ದು. ಸೌರಫಲಕದ ಜೊತೆಗೆ ಎಲ್‌ಆರ್44 ಗುಂಡಿ ಸೆಲ್ ಇದೆ. ಒಳಗೆ 15 ಅಂಕಿಗಳವರೆಗೆ ಲೆಕ್ಕ ಮಾಡಿ ಹೊರಗೆ 10 ಅಂಕಿ ತೋರಿಸುತ್ತದೆ. ಭಿನ್ನರಾಶಿ ಮತ್ತು ಘಾತಾಂಕ ಎರಡೂ ಪುಸ್ತಕದಲ್ಲಿ ಅಚ್ಚಾದಂತೆಯೇ ಕಾಣುತ್ತವೆ. ಉಳಿದ ನೂರಾರು ಕೆಲಸಗಳ ಗೊಡವೆ ಈ ಬರಹಕ್ಕೆ ಬೇಡ.

ಕೆಲಸ ನಡೆಯುವ ಬಗೆ ಹೀಗೆ. 7 ಒತ್ತಿ, ‘ಸ್ಟೋ’ ಕೀಲಿ ಒತ್ತಿ, ಬಳಿಕ ಋಣ ಚಿಹ್ನೆಯ ಕೀಲಿ ಒತ್ತಿ. ಆ ಕೀಲಿಯ ಮೇಲೆ ಕೆಂಪು ಬಣ್ಣದಲ್ಲಿ ಎ ಎಂದಿದೆ. ಈಗ ಎ ಯಲ್ಲಿ 7 ಕೂತಿತು. ಹಾಗೆಯೇ 11 ಅನ್ನು ಬಿ ಗೆ ಹಾಕಿ. ಬಿ ಇರುವುದು ಡಿಗ್ರಿ–ನಿಮಿಷ–ಸೆಕೆಂಡಿನ ಕೀಲಿಯ ಮೇಲೆ. ಇನ್ನು ಭಿನ್ನರಾಶಿ ಕೀಲಿ ಒತ್ತಿ ಮೇಲೆ 12ಎ⁵ಬಿ³, ಕೆಳಗೆ 4ಎ²ಬಿ ತುಂಬಿ ಸಮ ಚಿಹ್ನೆ ಒತ್ತಿದರೆ 124509 ಬರುತ್ತದೆ. ಆ ಸಂಖ್ಯೆ ಪರದೆಯ ಮೇಲಿರುವಾಗಲೇ ಶಿಫ್ಟ್, ಫ್ಯಾಕ್ಟ್ ಒತ್ತಿ. ಪರದೆ 3×7³×11² ಎನ್ನುತ್ತದೆ. 7 ಇದ್ದಲ್ಲಿ ಎ, 11 ಇದ್ದಲ್ಲಿ ಬಿ ಎಂದು ಓದಿಕೊಳ್ಳಿ: 3ಎ³ಬಿ². ಬೀಜಗಣಿತ ಬಾರದ ಯಂತ್ರ ಭಾಗಲಬ್ಧವನ್ನು ಪೂರ್ತಿ ಹೇಳಿಬಿಟ್ಟಿತು.

ಇದು ಕಣ್ಕಟ್ಟಲ್ಲ. 1ಕ್ಕಿಂತ ದೊಡ್ಡ ಯಾವುದೇ ಪೂರ್ಣಾಂಕವನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವ ದಾರಿ ಒಂದೇ. ಹಾಗಾಗಿ ಎ ಗೂ ಬಿ ಗೂ ಬೇರೆ ಬೇರೆ ಅವಿಭಾಜ್ಯ ಸಂಖ್ಯೆ ಕೊಟ್ಟರೆ, ಆ ಅಕ್ಷರಗಳ ಘಾತಾಂಕಗಳು ಉತ್ತರದಲ್ಲಿ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಷರತ್ತು ಒಂದಿದೆ, ಇದನ್ನು ಮರೆತರೆ ವಿಧಾನವೇ ಕೈಕೊಡುತ್ತದೆ: ಆರಿಸಿಕೊಂಡ ಅವಿಭಾಜ್ಯ ಸಂಖ್ಯೆ ಸಹಗುಣಕದಲ್ಲಿ, ಅಂದರೆ ಅಕ್ಷರಗಳ ಮುಂದಿನ ಸಂಖ್ಯೆಯಲ್ಲಿ, ಇರಕೂಡದು. ಎ ಗೆ 3 ಕೊಟ್ಟಿದ್ದರೆ ಮೇಲಿನ ಲೆಕ್ಕದಲ್ಲೇ ಸಹಗುಣಕದ 3 ಹೋಗಿ 3³ ಕ್ಕೆ ಅಂಟಿಕೊಂಡು 3⁴ ಎಂದು ಬರುತ್ತಿತ್ತು. ಅದನ್ನು ನೋಡಿದವರು ಎ⁴ ಎಂದು ಓದಿಕೊಳ್ಳುವುದು ಸಹಜ. ಸಹಗುಣಕದಲ್ಲಿ 14, 21, 35 ಇದ್ದರೆ 7 ಬಿಟ್ಟು 13, 17 ಹಿಡಿಯಿರಿ.

ತಾಳೆ ನೋಡುವುದೆಂದರೆ ‘ಎ = 1 ಹಾಕು’, ‘ಎ = 2 ಹಾಕು’ ಎಂಬ ರೂಢಿ ಬಹಳ ಕಡೆ ಇದೆ. ಘಾತಾಂಕದ ಲೆಕ್ಕಕ್ಕೆ ಇವೆರಡೂ ಕೆಲಸಕ್ಕೆ ಬಾರದ ಸಂಖ್ಯೆಗಳು. 1ರ ಯಾವ ಘಾತವೂ 1 ಆದ್ದರಿಂದ ಘಾತಾಂಕ ಎಷ್ಟೇ ತಪ್ಪಿದ್ದರೂ ತಾಳೆಯಾಗುತ್ತದೆ. ಸಹಗುಣಕವೊಂದೇ ಪರೀಕ್ಷೆಗೆ ಒಳಗಾಗುವುದು. 2 ಇನ್ನೂ ಮೋಸಗಾರ. 2+2, 2×2, 2² ಮೂರೂ 4 ಆಗಿರುವುದರಿಂದ ಕೂಡಿಸಬೇಕಾದಲ್ಲಿ ಗುಣಿಸಿದವರೂ ಪಾರಾಗುತ್ತಾರೆ. 4ಎ ಮತ್ತು ಎ³ ಎರಡೂ 8 ಎಂದೇ ಬರುತ್ತವೆ. ಎ ಗೂ ಬಿ ಗೂ ಒಂದೇ ಸಂಖ್ಯೆ ಕೊಡುವುದು ಮತ್ತೊಂದು ತಪ್ಪು: ಆಗ ಕಾಣುವುದು ಎರಡು ಘಾತಾಂಕಗಳ ಮೊತ್ತ ಮಾತ್ರ, ಯಾವುದು ಯಾರದ್ದೆಂದು ತಿಳಿಯುವುದಿಲ್ಲ.

ಉತ್ತರ ತಪ್ಪಾದಾಗ ಈ ಯಂತ್ರದ ನಿಜವಾದ ಬೆಲೆ ತಿಳಿಯುತ್ತದೆ. 12ಎ¹⁰ಬಿ³ ÷ 4ಎ²ಬಿ ಎಂಬ ಲೆಕ್ಕಕ್ಕೆ 3ಎ⁵ಬಿ³ ಎಂಬ ಉತ್ತರ ಬಂದಿದೆ ಎನ್ನಿ. ತೀರಾ ಸಾಮಾನ್ಯವಾದ ತಪ್ಪು ಇದು. ಸರಿಯಾದ ಬೆಲೆಯನ್ನು ಮೇಲೆ, ತಪ್ಪು ಉತ್ತರದ ಬೆಲೆಯನ್ನು ಕೆಳಗೆ ಹಾಕಿ ಒಂದೇ ಭಿನ್ನರಾಶಿ ಮಾಡಿ. ಅದೇ 7, 11 ಇಟ್ಟುಕೊಂಡರೆ ಪರದೆಯಲ್ಲಿ ಉಳಿಯುವುದು 343/11. 343 ಎಂದರೆ 7³, ಅಂದರೆ ಉತ್ತರದಲ್ಲಿ ಎ ಯ ಘಾತಾಂಕ 3 ಕಡಿಮೆ ಬಿದ್ದಿದೆ. ಕೆಳಗೆ 11 ಇದೆ, ಅಂದರೆ ಬಿ ಯ ಘಾತಾಂಕ 1 ಹೆಚ್ಚಾಗಿದೆ. ಸಹಗುಣಕದ ಗುರುತೇ ಇಲ್ಲ, ಆದ್ದರಿಂದ ಅದು ಸರಿ. ಈಗ ಕಾರಣ ಹುಡುಕುವುದು ಕಷ್ಟವಲ್ಲ: 10ರಿಂದ 2 ಕಳೆಯುವ ಬದಲು 10 ಅನ್ನು 2ರಿಂದ ಭಾಗಿಸಲಾಗಿದೆ. ಛೇದದ ಬಿ ಗೆ ಘಾತಾಂಕ ಬರೆದಿಲ್ಲವೆಂದು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಅಥವಾ 3 ÷ 1 ಎಂದು ಇಲ್ಲೂ ಭಾಗಿಸಲಾಗಿದೆ. ಬರೆಯದೇ ಬಿಟ್ಟ ಘಾತಾಂಕ 1 ಎಂಬುದು ಗೊತ್ತಿದ್ದವರೂ ಎಡವುವ ಜಾಗ ಇದು. ಸಹಗುಣಕಗಳನ್ನು ಕಳೆಯುವವರೂ ಇದ್ದಾರೆ, 12 − 4 = 8 ಎಂದು ಬರೆಯುತ್ತಾರೆ. ಅವರ ಉತ್ತರಕ್ಕೆ ಇದೇ ಪರೀಕ್ಷೆ ಮಾಡಿದರೆ ಉಳಿಕೆಯಲ್ಲಿ 3/8 ಎದ್ದು ಕಾಣುತ್ತದೆ. ಕಳೆಯಬೇಕಾದ್ದು ಘಾತಾಂಕ, ಭಾಗಿಸಬೇಕಾದ್ದು ಸಹಗುಣಕ. ಇವೆರಡು ಅದಲುಬದಲಾದದ್ದನ್ನು ಹೀಗೆ ಬೇರೆ ಬೇರೆಯಾಗಿ ತೋರಿಸುವ ಪರೀಕ್ಷೆ ಕಾಗದದ ಮೇಲೆ ಇಷ್ಟು ಬೇಗ ಮುಗಿಯುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಕೀಲಿಮಣೆಯ ಕಾಟವನ್ನೂ ಹೇಳಬೇಕು. ಎ ಬೇಕೆಂದರೆ ಆಲ್ಫಾ ಒಂದು ಸಲ, ಅಕ್ಷರದ ಕೀಲಿ ಒಂದು ಸಲ. ಮೇಲಿನ ಚಿಕ್ಕ ಲೆಕ್ಕದಲ್ಲೇ ನಾಲ್ಕು ಅಕ್ಷರಗಳಿಗೆ ಎಂಟು ಒತ್ತು. ಎಕ್ಸ್‌ಗೆ ಮಾತ್ರ ಸ್ವಂತ ಕೀಲಿ ಇದೆ, ಹಾಗಾಗಿ ಒಂದೇ ಚರಾಕ್ಷರದ ಲೆಕ್ಕವಾದರೆ ಅದನ್ನೇ ಬಳಸುವುದು ಲೇಸು.

ಇದಕ್ಕಿಂತ ದೊಡ್ಡ ತೊಡಕು ಘಾತಾಂಕದ ಚೌಕದಿಂದ ಹೊರಬರುವುದು. ಘಾತದ ಕೀಲಿ ಒತ್ತಿ 5 ಬರೆದಾದ ಮೇಲೆ ಬಲ ಬಾಣ ಒತ್ತಲೇಬೇಕು. ಒತ್ತದೆ ಬಿ ಬರೆದರೆ ಅದು ಕೆಳಗಿಳಿಯದೆ 5ರ ಪಕ್ಕದಲ್ಲೇ, ಮೇಲೆಯೇ ಕೂರುತ್ತದೆ. ಅದಕ್ಕೂ 3ರ ಘಾತ ಹಾಕಿದರೆ ಎ ಯ ಘಾತಾಂಕ 5ಬಿ³ ಆಗುತ್ತದೆ, ಅಂದರೆ 6655. ಏಳರ 6655ನೇ ಘಾತವನ್ನು ಈ ಯಂತ್ರ ಹಿಡಿಯಲಾರದು, 10¹⁰⁰ ರವರೆಗೆ ಇದರ ಲೆಕ್ಕ ಹೋಗುವುದಿಲ್ಲ. ‘ಮ್ಯಾತ್ ಎರರ್’ ಎಂದು ನಿಲ್ಲುತ್ತದೆ. ಹೀಗೆ ನಿಂತರೆ ಒಳ್ಳೆಯದೇ, ತಪ್ಪು ಗೊತ್ತಾಗುತ್ತದೆ. ಕೆಟ್ಟದ್ದು ಛೇದದಲ್ಲಿ ಆಗುವ ತಪ್ಪು. ಅಲ್ಲಿ 2ರ ಪಕ್ಕ ಬಿ ಏರಿ ಕೂತರೆ ಛೇದ 4ಎ²² ಆಗಿಬಿಡುತ್ತದೆ, ಯಂತ್ರ ತಕರಾರಿಲ್ಲದೆ ಸುಮಾರು 1.7×10⁻¹¹ ಎಂದು ಉತ್ತರ ಕೊಡುತ್ತದೆ. ಪೂರ್ಣಾಂಕ ಬರಬೇಕಾದಲ್ಲಿ ಇಂಥ ಪುಡಿ ಸಂಖ್ಯೆ ಕಂಡರೆ ಮೊದಲು ಕರ್ಸರ್ ಎಲ್ಲಿತ್ತೆಂದು ನೋಡಿ. ವರ್ಗಕ್ಕೆ ಘಾತದ ಕೀಲಿ ಬಿಟ್ಟು ವರ್ಗದ ಕೀಲಿಯನ್ನೇ ಒತ್ತುವುದು ಸುಲಭ ಪರಿಹಾರ. ಅದರಲ್ಲಿ ಚೌಕವೇ ತೆರೆಯುವುದಿಲ್ಲ.

ಘಾತದ ಘಾತ ಬಂದಾಗಲೂ ಇದೇ ಕಥೆ. (ಎ²)³ ಗೆ ಆವರಣ ಬೇಕೇ ಬೇಕು. ಆವರಣವಿಲ್ಲದೆ 2ರ ತಲೆಯ ಮೇಲೆ 3 ಏರಿಸಿದರೆ ಯಂತ್ರ ಮೊದಲು 2³ ಮಾಡಿ ಎ⁸ ಎಂದುಕೊಳ್ಳುತ್ತದೆ. 7 ಹಾಕಿದಾಗ ಬರಬೇಕಾದ್ದು 117649, ಬರುವುದು 5764801. ಪರದೆಯಲ್ಲಿ ಘಾತದ ಮೇಲಿನ ಘಾತದ ಅಂಕಿ ಬಹಳ ಸಣ್ಣದಾಗಿ ಕಾಣುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಭಿನ್ನರಾಶಿ ಕೀಲಿಯ ಬದಲು ÷ ಚಿಹ್ನೆ ಬಳಸಿದರೆ ಏನಾಗುತ್ತದೆ ಎಂಬುದು ಈ ಮಾದರಿಯ ಅತಿ ಸ್ವಾರಸ್ಯದ ಭಾಗ. 12ಎ⁵ ÷ 4ಎ² ಎಂದು ಒಂದೇ ಸಾಲಿನಲ್ಲಿ ಬರೆದು ಸಮ ಚಿಹ್ನೆ ಒತ್ತಿ, ಮೇಲಿನ ಸಾಲನ್ನು ನೋಡಿ. ನೀವು ಹಾಕದ ಆವರಣವೊಂದು ಅಲ್ಲಿ ಬಂದಿರುತ್ತದೆ: 12ಎ⁵ ÷ (4ಎ²). ಗುಣಾಕಾರ ಚಿಹ್ನೆ ಬರೆಯದೆ ಅಂಟಿಸಿದ 4ಎ² ಒಂದೇ ಪದ ಎಂದು ಯಂತ್ರ ಭಾವಿಸುತ್ತದೆ, ಹಾಗೆ ಭಾವಿಸಿದ್ದನ್ನು ಬಚ್ಚಿಡದೆ ತೋರಿಸುತ್ತದೆ. ಪಠ್ಯಪುಸ್ತಕದಲ್ಲಿ ಏಕಪದೋಕ್ತಿಯನ್ನು ಓದುವ ರೀತಿಯೂ ಇದೇ, ಆದ್ದರಿಂದ ಉತ್ತರ 1029 ಸರಿಯಾಗಿಯೇ ಬರುತ್ತದೆ. ಆದರೆ ಯಾರಾದರೂ ಅಚ್ಚುಕಟ್ಟಾಗಿ ಬರೆಯುತ್ತೇನೆಂದು 12×ಎ⁵÷4×ಎ² ಎಂದು ಗುಣಾಕಾರ ಚಿಹ್ನೆಗಳನ್ನೆಲ್ಲ ತುಂಬಿದರೆ ಆವರಣ ಬರುವುದಿಲ್ಲ. ಆಗ ಲೆಕ್ಕ ಎಡದಿಂದ ಬಲಕ್ಕೆ ಸಾಗಿ 4ರಿಂದ ಮಾತ್ರ ಭಾಗಿಸಿ, ಎ² ಇಂದ ಗುಣಿಸಿಬಿಡುತ್ತದೆ. ಬರುವುದು 2470629, ಬಿಡಿಸಿದರೆ 3×7⁷. ಘಾತಾಂಕ ಕಳೆಯುವ ಬದಲು ಕೂಡಿಹೋಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83, ಟಿಐ-84 ಯಂತ್ರಗಳಲ್ಲಿ ಚಿಹ್ನೆ ಬಿಟ್ಟು ಬರೆದರೂ ಲೆಕ್ಕ ಹೀಗೆಯೇ ಎಡದಿಂದ ಬಲಕ್ಕೆ ಹೋಗುತ್ತದೆ. ಎರಡು ಕಂಪನಿಗಳ ಯಂತ್ರ ಪಕ್ಕದಲ್ಲಿಟ್ಟುಕೊಂಡು ಒಂದೇ ಸಾಲು ಒತ್ತಿ ಬೇರೆ ಬೇರೆ ಉತ್ತರ ಬಂದಾಗ ಯಾವುದೂ ಕೆಟ್ಟಿಲ್ಲ. ಓದುವ ರೀತಿ ಬೇರೆ, ಅಷ್ಟೇ. ಭಿನ್ನರಾಶಿ ಕೀಲಿ ಬಳಸಿದರೆ ಈ ಜಗಳವೇ ಹುಟ್ಟುವುದಿಲ್ಲ. ಗೆರೆಯ ಕೆಳಗೆ ಇದ್ದದ್ದೆಲ್ಲ ಛೇದ.

ಛೇದದ ಘಾತಾಂಕ ದೊಡ್ಡದಿದ್ದಾಗ ಒಂದು ಹೆಜ್ಜೆ ಹೆಚ್ಚು ಬೇಕಾಗುತ್ತದೆ. 6ಎ²ಬಿ⁵ ÷ 15ಎ⁴ಬಿ³ ತೆಗೆದುಕೊಳ್ಳಿ. 7, 11 ಹಾಕಿದರೆ 242/245 ಬರುತ್ತದೆ. ಇದರ ಮೇಲೆ ಫ್ಯಾಕ್ಟ್ ಒತ್ತಿದರೆ ಮ್ಯಾತ್ ಎರರ್. ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ ಯಾವುದನ್ನೂ ಅದು ಬಿಡಿಸುವುದಿಲ್ಲ. 242 ಅನ್ನು ಬೇರೆಯಾಗಿ ಒತ್ತಿ ಬಿಡಿಸಿದರೆ 2×11². 245 ಅನ್ನು ಬಿಡಿಸಿದರೆ 5×7². ಅಲ್ಲಿಗೆ ಉತ್ತರ 2ಬಿ²/5ಎ². ಎ ಯ ಘಾತಾಂಕ 2 − 4 = −2 ಆದದ್ದು ಛೇದಕ್ಕೆ ಇಳಿದು ಧನವಾಗಿದೆ ಎಂಬುದು ಕಣ್ಣೆದುರೇ ಇದೆ. ಋಣ ಘಾತಾಂಕ ಎಂದರೆ ಋಣ ಸಂಖ್ಯೆ ಎಂದುಕೊಳ್ಳುವವರಿಗೆ 7⁻² ಒತ್ತಿ ತೋರಿಸಿದರೆ ಸಾಕು, 1/49 ಬರುತ್ತದೆ. 2ಎ⁻³ ಮತ್ತು (2ಎ)⁻³ ರ ಅಂತರವೂ ಹೀಗೇ ತಿಳಿಯುತ್ತದೆ: ಮೊದಲನೆಯದು 2/343, ಎರಡನೆಯದು 1/2744. ಆವರಣವಿಲ್ಲದಿದ್ದರೆ ಘಾತಾಂಕ ಪಕ್ಕದ ಅಕ್ಷರಕ್ಕೆ ಮಾತ್ರ ಸೇರಿದ್ದು, ಸಹಗುಣಕಕ್ಕಲ್ಲ.

ಇಲ್ಲೊಂದು ಮಿತಿ ಇದೆ. ಅಂಶ, ಛೇದ, ನಡುವಿನ ಗೆರೆ ಎಲ್ಲ ಸೇರಿ 10 ಸ್ಥಾನಗಳನ್ನು ದಾಟಿದರೆ ಯಂತ್ರ ಭಿನ್ನರಾಶಿ ಬಿಟ್ಟು ದಶಮಾಂಶಕ್ಕೆ ಹೋಗುತ್ತದೆ. ಆಮೇಲೆ ಬಿಡಿಸಲು ಏನೂ ಉಳಿಯುವುದಿಲ್ಲ. ಫ್ಯಾಕ್ಟ್ ಕೂಡ 10 ಅಂಕಿಯವರೆಗಿನ ಸಂಖ್ಯೆಗೆ ಮಾತ್ರ. 7 ಇಟ್ಟುಕೊಂಡರೆ ಘಾತಾಂಕ 11ರವರೆಗೆ ಹೋಗಬಹುದು, 13 ಇಟ್ಟುಕೊಂಡರೆ 8ಕ್ಕೇ ನಿಲ್ಲಬೇಕು, ಅದೂ ಬೇರೇನೂ ಜೊತೆಗಿಲ್ಲದಿದ್ದರೆ. ದೊಡ್ಡ ಘಾತಾಂಕಗಳ ಲೆಕ್ಕಕ್ಕೆ ಒಂದೊಂದೇ ಅಕ್ಷರವನ್ನು ಪರೀಕ್ಷಿಸಿ: ಎ ಗೆ 7 ಕೊಟ್ಟು ಉಳಿದವಕ್ಕೆಲ್ಲ 1 ಕೊಡಿ, ಆಮೇಲೆ ಸರದಿ ಬದಲಿಸಿ. 1 ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ.

ಚಿಹ್ನೆಗಳ ವಿಷಯದಲ್ಲಿ ಯಂತ್ರ ಕಟ್ಟುನಿಟ್ಟು. −7² ಎಂದು ಒತ್ತಿದರೆ −49, (−7)² ಎಂದರೆ 49. ಗಣಿತದ ನಿಯಮವೂ ಅದೇ. ಗೊಂದಲ ಶುರುವಾಗುವುದು ಎ ಯಲ್ಲಿ −7 ಇಟ್ಟು ಎ² ಕೇಳಿದಾಗ. ಆಗ ಆವರಣ ಹಾಕದಿದ್ದರೂ 49 ಬರುತ್ತದೆ, ಏಕೆಂದರೆ ಎ ಒಳಗೆ ಕೂತಿರುವ ಇಡೀ ಸಂಖ್ಯೆಗೆ ಘಾತ ಸಲ್ಲುತ್ತದೆ. ಒಬ್ಬರು ಸಂಖ್ಯೆಯನ್ನೇ ಒತ್ತಿ, ಇನ್ನೊಬ್ಬರು ಅಕ್ಷರದಲ್ಲಿಟ್ಟು ಲೆಕ್ಕ ಮಾಡಿದಾಗ ಉತ್ತರ ತಾಳೆಯಾಗದಿರಲು ಇದೇ ಕಾರಣ. −18ಎ⁶ಬಿ² ÷ (−3ಎ)² ನಂಥ ಲೆಕ್ಕದಲ್ಲಿ ಛೇದದ ಆವರಣ ಮರೆತರೆ −2ಎ⁴ಬಿ² ಬರಬೇಕಾದಲ್ಲಿ 6ಎ⁴ಬಿ² ಬರುತ್ತದೆ. ಘಾತಾಂಕಗಳೆಲ್ಲ ಸರಿ, ಸಹಗುಣಕವೂ ಚಿಹ್ನೆಯೂ ತಪ್ಪು. ಸರಿಯಾಗಿ ಒತ್ತಿದಾಗ ಬರುವ −581042 ಅನ್ನು ಫ್ಯಾಕ್ಟ್ ಮುಟ್ಟುವುದಿಲ್ಲವಾದ್ದರಿಂದ ಋಣ ಚಿಹ್ನೆಯ ಕೀಲಿ, ‘ಆನ್ಸ್’, ಸಮ ಚಿಹ್ನೆ ಒತ್ತಿ ಅದನ್ನು ಧನ ಮಾಡಿಕೊಳ್ಳಿ. ಆಮೇಲೆ ಬಿಡಿಸಿದರೆ 2×7⁴×11². ಋಣ ಚಿಹ್ನೆಯನ್ನು ಉತ್ತರಕ್ಕೆ ಮರಳಿ ಸೇರಿಸುವುದು ನಿಮ್ಮ ನೆನಪಿಗೆ ಬಿಟ್ಟದ್ದು.

ಘಾತಾಂಕದಲ್ಲೇ ಅಕ್ಷರವಿರುವ ಲೆಕ್ಕಗಳೂ ನಡೆಯುತ್ತವೆ. ಸಿ ಯಲ್ಲಿ 4 ಇಟ್ಟು, ಎ ಯ ಸಿ+3ನೇ ಘಾತವನ್ನು ಎ ಯ ಸಿ ಘಾತದಿಂದ ಭಾಗಿಸಿದರೆ 343. ಸಿ ಯನ್ನು 5, 6 ಎಂದು ಬದಲಿಸಿದರೂ ಅದೇ 343.

ಭಾಗಾಕಾರದಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವ ‘ಎ ಸೊನ್ನೆಯಾಗಿರಬಾರದು’ ಎಂಬ ಷರತ್ತನ್ನು ಈ ಯಂತ್ರ ಬಿಟ್ಟುಕೊಡುವುದಿಲ್ಲ. ಮೆನುವಿನಲ್ಲಿ ಟೇಬಲ್ ತೆರೆದು, ಎಫ್ ಜಾಗದಲ್ಲಿ ಭಿನ್ನರಾಶಿಯಾಗಿ 12ಎಕ್ಸ್⁵ ಮೇಲೆ, 4ಎಕ್ಸ್² ಕೆಳಗೆ ಬರೆಯಿರಿ. ಜಿ ಜಾಗದಲ್ಲಿ 3ಎಕ್ಸ್³ ಬರೆಯಿರಿ. ಆರಂಭ −3, ಕೊನೆ 3, ಹೆಜ್ಜೆ 1. ಏಳು ಸಾಲುಗಳ ಪಟ್ಟಿ ಬರುತ್ತದೆ. −81, −24, −3 ಎಂದು ಎರಡು ಕಂಬಸಾಲೂ ಜೊತೆಜೊತೆಗೆ ಇಳಿದು, ಸೊನ್ನೆಯ ಸಾಲಿನಲ್ಲಿ ಎಫ್ ಕೆಳಗೆ ‘ಎರರ್’, ಜಿ ಕೆಳಗೆ 0. ಆಮೇಲೆ ಮತ್ತೆ 3, 24, 81 ಎಂದು ಜೊತೆಯಾಗುತ್ತವೆ. ಸುಲಭ ರೂಪ ಮತ್ತು ಮೂಲ ರೂಪ ಒಂದೇ ಅಲ್ಲದ ಏಕೈಕ ಜಾಗ ಪಟ್ಟಿಯ ನಟ್ಟನಡುವೆ ಸಿಕ್ಕಿತು. ಸಿಂಪೈ ತರಹದ ಬೀಜಗಣಿತ ಬಲ್ಲ ತಂತ್ರಾಂಶಗಳು ಎಕ್ಸ್/ಎಕ್ಸ್ ಎಂದ ಕೂಡಲೇ ಯಾವ ಷರತ್ತೂ ಹೇಳದೆ 1 ಎಂದುಬಿಡುತ್ತವೆ. ಈ ಒಂದು ವಿಷಯದಲ್ಲಿ ದಡ್ಡ ಯಂತ್ರವೇ ಮೇಲು. 0⁰ ಒತ್ತಿದರೂ ಇದು 1 ಎನ್ನುವುದಿಲ್ಲ, ಮ್ಯಾತ್ ಎರರ್ ತೋರಿಸುತ್ತದೆ. ಎರಡು ಫಲನಗಳಿದ್ದಾಗ ಟೇಬಲ್‌ನಲ್ಲಿ 30 ಸಾಲು ಹಿಡಿಸುತ್ತದೆ, ಒಂದೇ ಇದ್ದರೆ 45. ಈ ಕೆಲಸಕ್ಕೆ ಏಳು ಸಾಲೇ ಸಾಕು.

ಕೊರತೆಗಳು ಇಲ್ಲದಿಲ್ಲ. ಹೆಜ್ಜೆಗಳನ್ನು ತೋರಿಸುವುದಿಲ್ಲ, ಯಾವ ನಿಯಮ ಬಳಕೆಯಾಯಿತೆಂದು ಹೇಳುವುದಿಲ್ಲ. ನಿಯಮ ಇನ್ನೂ ತಲೆಗೆ ಹೋಗದವರ ಕೈಗೆ ಕೊಟ್ಟರೆ ಅವರು ಉತ್ತರ ಓದಿಕೊಂಡು ಸುಮ್ಮನಾಗುತ್ತಾರೆ. ಒಮ್ಮೆ ಕಾಗದದಲ್ಲಿ ಮಾಡಿ ಆಮೇಲೆ ಯಂತ್ರ ಹಿಡಿಯುವವರಿಗೇ ಇದು ಒಗ್ಗುವುದು. ಅಂಶ, ಛೇದಗಳ ಅಕ್ಷರಗಳನ್ನು ಒಂದೊಂದಾಗಿ ಹೊಡೆದುಹಾಕುವುದನ್ನು ನೋಡಬಯಸುವವರಿಗೆ ಇದರಲ್ಲಿ ಏನೂ ಸಿಗದು. ನೇರವಾಗಿ 3ಎ³ಬಿ² ಎಂದೇ ಬರೆದು ತೋರಿಸಬೇಕೆಂದರೆ ಅದೇ ಕಂಪನಿಯ ಕ್ಲಾಸ್‌ಪ್ಯಾಡ್ ಇದೆ, ಇಲ್ಲವೇ ಜಿಯೊಜೀಬ್ರಾದ ಬೀಜಗಣಿತ ಕ್ಯಾಲ್ಕುಲೇಟರ್ ಇದೆ.

ಕೊಂಡ ಮೇಲೆ ಎರಡು ಕೆಲಸ ಮಾಡಿಕೊಳ್ಳಿ. ಸೆಟಪ್‌ನಲ್ಲಿ ಭಿನ್ನರಾಶಿ ಮಿಶ್ರ ರೂಪದಲ್ಲಿದ್ದರೆ ವಿಷಮ ರೂಪಕ್ಕೆ ಬದಲಿಸಿ. ಇಲ್ಲದಿದ್ದರೆ 343/11 ಎಂದು ಬರಬೇಕಾದದ್ದು 31 ಪೂರ್ಣ 2/11 ಎಂದು ಬಂದು, ಅದರಲ್ಲಿ 7³ ಇರುವುದು ಯಾರಿಗೂ ಕಾಣುವುದಿಲ್ಲ. ಎರಡನೆಯದು, ಪ್ರತಿ ಸಲ ಕೂತಾಗ ಎ, ಬಿ ಗಳಿಗೆ ಹೊಸದಾಗಿ ಸಂಖ್ಯೆ ತುಂಬುವ ಅಭ್ಯಾಸ. ಎಸಿ ಒತ್ತಿದರೂ, ಆಫ್ ಮಾಡಿದರೂ ಹಳೆಯ ಸಂಖ್ಯೆಗಳು ಅಕ್ಷರಗಳಲ್ಲಿ ಹಾಗೆಯೇ ಉಳಿದಿರುತ್ತವೆ. ಫ್ಯಾಕ್ಟ್ ಒತ್ತಿದಾಗ 7, 11 ಬರುವ ಬದಲು 13, 17 ಬಂದರೆ ಲೆಕ್ಕ ತಪ್ಪಿಲ್ಲ, ನಿನ್ನೆ ತುಂಬಿದ್ದು ಇನ್ನೂ ಒಳಗಿದೆ.